ನಲ್ಲಿ ಮೇಷ್ಟ್ರ ಮನೆಯಲ್ಲಿ ನೀರು

ನಮ್ಮ ರಸ್ತೆಯಲ್ಲಿ ನಾನು ಔಷಧಿ ಅಂಗಡಿ ತೆರೆದು ಇಪ್ಪತ್ತೆರಡು ವರ್ಷವಾಯಿತು. ನಾನು ಕೂರುವ ಸ್ಟೂಲಿನಿಂದ ಎದುರು ಸಾಲಿನ ಮೂರು ಮನೆಗಳ ಬಾಗಿಲುಗಳು ಕಾಣುತ್ತವೆ. ಅದರಲ್ಲಿ ನಡುವಿನದು ನಲ್ಲಿ ಮೇಷ್ಟ್ರದು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲ್ಲಿ, ಪೈಪು, ಸಿಂಕು, ಟ್ಯಾಂಕು ರಿಪೇರಿ ಅವರ ಕಸುಬು. ಆದರೆ ಒಂದು ವಾಷರ್ ಬದಲಾಯಿಸಲು ಬಂದರೂ ಮನೆಮಂದಿಯನ್ನೆಲ್ಲ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅದು ಏಕೆ ಸವೆಯಿತು, ನೀವು ನಲ್ಲಿಯನ್ನು ಹೇಗೆ ತಿರುಚುತ್ತೀರಿ, ಹೇಗೆ ತಿರುಗಿಸಬೇಕು ಎಂದು ಪಾಠ ಮಾಡಿ, ಕೊನೆಗೆ “ಅರ್ಥ ಆಯ್ತಾ?” ಎಂದು ಕೇಳುತ್ತಿದ್ದರು. ಆಗಲಿಲ್ಲ ಎಂದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಎಲ್ಲರೂ ಒಂದೇ ಸಲಕ್ಕೆ ಅರ್ಥವಾಯಿತು ಎನ್ನುತ್ತಿದ್ದರು.

ಕೆಲಸದಲ್ಲಿ ಅವರದು ಎತ್ತಿದ ಕೈ. ಗೋಡೆಗೆ ಕಿವಿಯಿಟ್ಟು, ಒಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಒಂದು ಗೇಣಿನಷ್ಟೂ ತಪ್ಪದೆ ಬೆರಳು ತೋರಿಸುವುದನ್ನು ನಾನೇ ನೋಡಿದ್ದೇನೆ. ಯಾರಾದರೂ ಊರಿಗೆ ಹೊರಟರೆ ಉಳಿದವರು ಹುಷಾರಾಗಿ ಹೋಗಿ ಬನ್ನಿ ಎಂದರೆ, ಇವರು ಮಾತ್ರ “ಮೇನ್ ವಾಲ್ವ್ ಮುಚ್ಚಿದ್ರಾ?” ಎನ್ನುತ್ತಿದ್ದರು. ಇನ್ನೊಬ್ಬರ ಸಹಾಯ ಎಂದರೆ ಅವರಿಗೆ ಮೈಯೆಲ್ಲ ಮುಳ್ಳು. ಒಮ್ಮೆ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಕುಂಟುತ್ತಾ ಬಂದವರು, ನಾನು ಕೈ ಕೊಡಲು ಹೋದರೆ, “ಹೀಗೇ ನಡೀಬೇಕು ಅಂತ ಅನ್ನಿಸ್ತು, ನಡೀತಿದೀನಿ” ಎಂದುಬಿಟ್ಟರು.

ಅವರ ಹೆಂಡತಿಯನ್ನು ರಸ್ತೆಯವರೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ಹರಿದ ಕೋಟು, ಉದ್ದವಾದ ಪ್ಯಾಂಟು, ಜಿಪ್ ಕಿತ್ತ ಬ್ಯಾಗು ಎಲ್ಲವೂ ಅವರ ಕೈಗೆ ಬರುತ್ತವೆ. ಅಡುಗೆಮನೆಯ ಪಕ್ಕದ ಒಂದು ಕತ್ತಲ ಉಗ್ರಾಣದಲ್ಲಿ, ಹಗಲಲ್ಲೂ ದೀಪ ಹಾಕಿಕೊಂಡು ಹೊಲಿಯುತ್ತಿದ್ದರು. ಅವರ ಮನೆಯ ನಲ್ಲಿಗಳ ಸ್ಥಿತಿ ಮಾತ್ರ ಹೇಳುವ ಹಾಗಿರಲಿಲ್ಲ. ಒಂದಕ್ಕೆ ಹಿಡಿಯೇ ಇರಲಿಲ್ಲ, ಇಕ್ಕಳ ಹಿಡಿದು ತಿರುಗಿಸಬೇಕಿತ್ತು. ಇನ್ನೊಂದಕ್ಕೆ ದಾರ ಸುತ್ತಿತ್ತು. “ಊರಿನ ನಲ್ಲಿಗಳೆಲ್ಲ ಇವರ ಸ್ವಂತ ಮಕ್ಕಳು, ನಮ್ಮನೆ ನಲ್ಲಿಗಳು ಮಾತ್ರ ಮಲಮಕ್ಕಳು” ಎಂದು ಅಕ್ಕ ಹೇಳುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಅವರ ಮಗಳ ಊರಿನಿಂದ ಫೋನು ಬಂತು. ಹೆರಿಗೆ ನೋವು ಎರಡು ವಾರ ಮೊದಲೇ ಶುರುವಾಗಿತ್ತು. ಗಂಡ ಹೆಂಡತಿ ಕೈಗೆ ಸಿಕ್ಕ ಬಟ್ಟೆ ತುರುಕಿಕೊಂಡು ಬಸ್ಸಿಗೆ ಓಡಿದರು. ನನ್ನ ಅಂಗಡಿಯ ಮುಂದೆ ಹಾದು ಹೋಗುವಾಗ ಅಕ್ಕ ಕೈ ಬೀಸಿದರು. ಮೇನ್ ವಾಲ್ವ್ ಮುಚ್ಚಿದ್ರಾ ಎಂದು ಕೇಳುವ ಮನುಷ್ಯನೇ ಊರಿಗೆ ಹೊರಟಿದ್ದರಿಂದ ಅವತ್ತು ಯಾರೂ ಅದನ್ನು ಕೇಳಲಿಲ್ಲ.

ಮೊಮ್ಮಗಳು ಹುಟ್ಟಿದಳು, ತಾಯಿ ಮಗು ಕ್ಷೇಮ. ಐದನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ನಗುಮುಖದಿಂದ ಬಸ್ಸಿಳಿದು ಬಂದರು. ಮೇಷ್ಟ್ರು ಬೀಗ ತೆಗೆದು ಬಾಗಿಲು ತಳ್ಳಿದರು, ಬಾಗಿಲು ಅಲುಗಲಿಲ್ಲ. ನೀರು ಕುಡಿದು ಉಬ್ಬಿಕೊಂಡಿತ್ತು. ಹೆಗಲು ಕೊಟ್ಟು ನೂಕಿದಾಗ ತೆರೆಯಿತು, ತೆರೆದ ಕೂಡಲೇ ಪಾದ ಮುಳುಗುವಷ್ಟು ನೀರು ಹೊರಗೆ ಬಂದು ಅಕ್ಕನ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು. ಅಕ್ಕ ಕೂಗಿದ್ದು ಕೇಳಿ ನಾನು ಅಂಗಡಿ ಹಾಗೇ ಬಿಟ್ಟು ಓಡಿದೆ.

ಬಚ್ಚಲ ಮೇಲಿನ ಅಟ್ಟದಲ್ಲಿ ಪೈಪಿನ ಒಂದು ಜಾಯಿಂಟು ಒಡೆದಿತ್ತು. ತಾರಸಿಯ ಟ್ಯಾಂಕು ಖಾಲಿಯಾದಂತೆಲ್ಲ ರಸ್ತೆಯ ಪೈಪಿನಿಂದ ತಾನೇ ತುಂಬಿಕೊಳ್ಳುತ್ತದಲ್ಲ, ಹಾಗಾಗಿ ನಾಲ್ಕು ಹಗಲು ನಾಲ್ಕು ರಾತ್ರಿ ನೀರು ಬಿಡದೆ ಸುರಿದಿತ್ತು. ಹೆಚ್ಚಿನದು ಹಿಂದಿನ ಬಾಗಿಲ ಸಂದಿಯಿಂದ ಚರಂಡಿಗೆ ಹರಿದು ಹೋಗಿದ್ದರಿಂದ ನಮಗ್ಯಾರಿಗೂ ಗೊತ್ತಾಗಲಿಲ್ಲ. ನಡುಮನೆಯ ಮೇಲ್ಛಾವಣಿಯ ಹಲಗೆಗಳು ಕುಸಿದು ಮಂಚದ ಮೇಲೆ ಬಿದ್ದಿದ್ದವು. ಹಾಸಿಗೆ ಸ್ಪಂಜಿನಂತೆ ನೀರು ಹೀರಿಕೊಂಡಿತ್ತು. ಪ್ಲೈವುಡ್ ಬೀರು ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಗೋಡೆಗಳ ಗಾರೆ ಸೊಂಟದೆತ್ತರಕ್ಕೆ ಉಬ್ಬಿ, ಅಡುಗೆಮನೆಯಲ್ಲಿ ಆಗಲೇ ಬೂಷ್ಟು ಹಿಡಿದಿತ್ತು.

ಮೇಷ್ಟ್ರು ಮೊದಲು ಹೋಗಿ ವಾಲ್ವ್ ಮುಚ್ಚಿದರು. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿ, ಒಡೆದ ತುಂಡನ್ನು ಬಿಚ್ಚಿಕೊಂಡು, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಹೊರಗೆ ಬಂದು ಹೊಸ್ತಿಲ ಮೇಲೆ ಕುಳಿತರು. ಅಷ್ಟರಲ್ಲಿ ರಸ್ತೆಯ ಅರ್ಧ ಜನ ಅಲ್ಲಿ ಸೇರಿದ್ದರು. ಮೂಲೆಮನೆಯ ಇಸ್ತ್ರಿಯವನು ಬಾಯಿ ತಡೆಯಲಾರದೆ ಹೇಳಿದ: “ಮೇಷ್ಟ್ರೇ, ನಂಗೊಬ್ಬ ಒಳ್ಳೆ ಪ್ಲಂಬರ್ ಗೊತ್ತು, ಕರೀಲಾ?”

ಎಲ್ಲರೂ ಅವನನ್ನು ಕಣ್ಣಲ್ಲೇ ಸುಟ್ಟರು. ಆದರೆ ಅಕ್ಕ ನಕ್ಕುಬಿಟ್ಟರು. ಒದ್ದೆ ಗೋಡೆಗೆ ಕೈಯೂರಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಅದು ಅಳುವಾಯಿತು. ಬೀರುವಿನ ಕೆಳಖಾನೆಯಲ್ಲಿ ಮಗಳು ಚಿಕ್ಕವಳಿದ್ದಾಗ ಬಿಡಿಸಿದ ಚಿತ್ರಗಳಿದ್ದವು, ಮದುವೆಯ ಫೋಟೋಗಳಿದ್ದವು. ಎಲ್ಲ ಒಂದಕ್ಕೊಂದು ಅಂಟಿ ಗಟ್ಟಿ ಹಲಗೆಯಾಗಿದ್ದವು. ಅವು ಮತ್ತೆ ಬರಲಿಲ್ಲ. ಆದದ್ದೆಲ್ಲ ಒಳ್ಳೆಯದೇ ಆಯಿತು ಎಂದು ನಾನು ಹೇಳುತ್ತಿಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿದ್ದು.

ಈಗ ಉಳಿಯುವುದೆಲ್ಲಿ ಎಂಬ ಪ್ರಶ್ನೆ ಬಂತು. ನಮ್ಮ ಮನೆಗೆ ಬನ್ನಿ ಎಂದು ನಾನು ಕರೆದೆ, ಇನ್ನಿಬ್ಬರೂ ಕರೆದರು. ಮೇಷ್ಟ್ರು ತಲೆಯಾಡಿಸಿ, “ಹಿತ್ತಲಲ್ಲಿ ಒಂದು ಟಾರ್ಪಾಲು ಕಟ್ಕೊಂಡ್ರೆ ಆಯ್ತು, ನಾಲ್ಕು ದಿನದ ಮಾತು” ಎಂದರು.

ಅಕ್ಕ ಕಣ್ಣೊರೆಸಿಕೊಂಡರು. “ರೀ, ನೀವು ಟಾರ್ಪಾಲು ಕಟ್ಕೊಳ್ಳಿ. ನಾನು ನನ್ನ ತಮ್ಮನ ಮನೆಗೆ ಹೋಗ್ತೀನಿ. ಬರೋದಾದ್ರೆ ಬನ್ನಿ.”

ಆ ತಮ್ಮನ ಹೆಸರು ಒಂಬತ್ತು ವರ್ಷದಿಂದ ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅದಕ್ಕೆ ಅರ್ಧ ಕಾರಣ ನಾನು.

ಅಕ್ಕನ ತಮ್ಮ ಮೇಷ್ಟ್ರ ಕೈಕೆಳಗೆ ಏಳು ವರ್ಷ ಕೆಲಸ ಕಲಿತವನು. ಒಂಬತ್ತು ವರ್ಷದ ಹಿಂದೆ ನನ್ನ ಅಂಗಡಿಯ ಹಿಂದಿನ ದಾಸ್ತಾನು ಕೋಣೆಗೆ ಒಂದು ನಲ್ಲಿ ಹಾಕಿಕೊಟ್ಟ. ಮೂರು ತಿಂಗಳಿಗೆ ಒಂದು ಭಾನುವಾರ ಅದರ ಜಾಯಿಂಟು ಒಡೆದು, ಡಬ್ಬಗಟ್ಟಲೆ ಔಷಧಿ ನೀರುಪಾಲಾಯಿತು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮೇಷ್ಟ್ರು ಬಂದು ನೋಡಿ, ಅಂಗಡಿಯ ಮೆಟ್ಟಿಲ ಮೇಲೆ, ನಾಲ್ಕು ಜನರ ಎದುರಿಗೆ, “ನಿನ್ನ ಕೈ ಇನ್ನು ಮೇಲೆ ಈ ರಸ್ತೆಯ ಯಾವ ಪೈಪನ್ನೂ ಮುಟ್ಟಬಾರದು” ಎಂದರು. ಆತ ಕೈಯಲ್ಲಿದ್ದ, ಜಾಯಿಂಟು ಬಿಗಿಯುವ ಪಾನಾವನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು ಹೋದ. ಊರಿನ ಇನ್ನೊಂದು ತುದಿಯಲ್ಲಿ ನೀರು ಪೂರೈಸುವ ಪಂಪ್‌ಹೌಸಿನಲ್ಲಿ ಕೆಲಸಕ್ಕೆ ಸೇರಿಕೊಂಡ. ಅಕ್ಕ ತಿಂಗಳಿಗೊಮ್ಮೆ, ದಾರ ಗುಂಡಿ ತರುತ್ತೇನೆಂದು ಹೇಳಿ, ಬಸ್ಸು ಹತ್ತಿ ತಮ್ಮನನ್ನು ನೋಡಿ ಬರುತ್ತಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದರು.

ಅವತ್ತು ಅಕ್ಕ ಹೊರಟರು, ಹತ್ತು ಹೆಜ್ಜೆ ಹಿಂದೆ ಮೇಷ್ಟ್ರೂ ಹೊರಟರು. ಕೈಯಲ್ಲಿ ಬಟ್ಟೆಯ ಗಂಟಲ್ಲ, ಸಲಕರಣೆಗಳ ಚೀಲ.

ಮುಂದಿನದನ್ನು ನನಗೆ ಹೇಳಿದವರು ಅಕ್ಕ. ತಮ್ಮನದು ಎರಡನೇ ಮಹಡಿಯ ಎರಡು ಕೋಣೆಯ ಮನೆ. ಅವನ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರು. ಏಳು ವರ್ಷದ ಒಬ್ಬ ಮಗಳು. ಬಾಗಿಲು ತೆಗೆದ ತಮ್ಮ, ಭಾವನನ್ನು ನೋಡಿ, “ಬನ್ನಿ ಭಾವ, ಒಳಗೆ ಬನ್ನಿ” ಎಂದನಂತೆ. ಅಷ್ಟೇ. ಏನಾಯಿತು, ಏಕೆ ಬಂದಿರಿ, ಒಂದೂ ಕೇಳಲಿಲ್ಲ. ಕಂಡಕ್ಟರಮ್ಮ ಡ್ಯೂಟಿಯಿಂದ ಬಂದು, ನಡುಮನೆಯಲ್ಲಿ ಎರಡು ಹಾಸಿಗೆ ನೋಡಿ, “ಸ್ವಲ್ಪ ಸರಕೊಳ್ಳಿ, ಎಲ್ಲರಿಗೂ ಜಾಗ ಆಗತ್ತೆ” ಎಂದರಂತೆ. ಬಸ್ಸಿನಲ್ಲಿ ಹೇಳಿ ಹೇಳಿ ರೂಢಿ.

ಮೂರು ದಿನ ಮೇಷ್ಟ್ರು ಉಂಡರು, ಮಲಗಿದರು, ಬೆಳಿಗ್ಗೆ ಎದ್ದು ಬಂದು ಒದ್ದೆ ಮನೆಯ ಕಸ ಹೊತ್ತು ಹಾಕಿದರು. ಮಾತು ಮಾತ್ರ ಇಲ್ಲ. ಆ ಮನೆಯ ಹುಡುಗಿ ದಿನವೂ ಅವರನ್ನು ಕದ್ದು ಕದ್ದು ನೋಡುತ್ತಿದ್ದವಳು, ಮೂರನೇ ದಿನ ಧೈರ್ಯ ತಂದುಕೊಂಡು ಹತ್ತಿರ ಬಂದಳು.

“ಬೈಯೋ ಮಾವ ಅಂದ್ರೆ ನೀವೇನಾ?”

ಅವಳಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮೇಷ್ಟ್ರು “ಹೂಂ ಕಣಮ್ಮ, ನಾನೇ” ಎಂದರು.

“ಮತ್ತೆ ಬೈತಾನೇ ಇಲ್ಲ?”

“ಅದೇ ನೋಡು, ಯಾರನ್ನ ಬೈಯ್ಯಬೇಕು ಅಂತ ಹುಡುಕ್ತಾ ಇದೀನಿ.”

ಮಾರನೇ ದಿನ ಭಾನುವಾರ. ಬೆಳಗಿನ ಚಹಾ ಕುಡಿಯುವಾಗ ಮೇಷ್ಟ್ರು ಜೇಬಿನಿಂದ ಕರ್ಚೀಫು ತೆಗೆದು, ಆ ಒಡೆದ ತುಂಡನ್ನು ಭಾವಮೈದುನನ ಮುಂದಿಟ್ಟರು. “ಇದನ್ನ ನೋಡೋ.”

ಪೈಪು ತಿರುಗುವಲ್ಲಿ ಹಾಕುವ ಪ್ಲಾಸ್ಟಿಕ್ ಎಲ್ಬೋಗೆ ಹಿತ್ತಾಳೆಯ ವಾಲ್ವ್ ಸೇರುವ ಜಾಗ ಅದು. ಪ್ಲಾಸ್ಟಿಕ್ಕಿನ ಅಂಚಿನಿಂದ ಕೆಳಗಿನವರೆಗೆ ಚಾಕುವಿನಿಂದ ಕೊಯ್ದಂತೆ ನೇರವಾಗಿ ಸೀಳಿತ್ತು. ಆತ ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ತಿರುಗಿಸಿ ನೋಡಿದ.

“ಭಾವ, ಇದನ್ನ ಹಾಕಿದ್ದು ಯಾರು?”

“ನಾನೇ. ಐದು ವರ್ಷದ ಹಿಂದೆ.”

“ಆವತ್ತು ಔಷಧಿ ಅಂಗಡೀಲಿ ಒಡೆದಿದ್ದೂ ಹೀಗೇ ಇತ್ತು. ಇದೇ ಜಾಗ, ಇದೇ ಸೀಳು.”

“ಗೊತ್ತು. ಅದಕ್ಕೇ ತೋರಿಸ್ತಿರೋದು.”

ಮೇಷ್ಟ್ರು ಪ್ರತಿ ಜಾಯಿಂಟನ್ನೂ ಬಿಗಿ ಮಾಡಿದ ಮೇಲೆ, “ನಂಬಿಕೆಗೆ ಇನ್ನರ್ಧ ಸುತ್ತು” ಎಂದು ಪಾನಾವನ್ನು ಮತ್ತೊಮ್ಮೆ ಎಳೆಯುತ್ತಿದ್ದರು. ಭಾವಮೈದುನನಿಗೂ ಅದನ್ನೇ ಕಲಿಸಿದ್ದರು. ಕಬ್ಬಿಣಕ್ಕೆ ಕಬ್ಬಿಣ ಸೇರುತ್ತಿದ್ದ ಕಾಲದಲ್ಲಿ ಅದು ಸರಿಯಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಆ ಅರ್ಧ ಸುತ್ತು ಹೆಚ್ಚಾಯಿತು. ಒಳಗಿನ ಹಿತ್ತಾಳೆ ಪ್ಲಾಸ್ಟಿಕ್ಕನ್ನು ಹೊರಕ್ಕೆ ಒತ್ತುತ್ತಲೇ ಇರುತ್ತದೆ. ಕೆಲವು ಮೂರು ತಿಂಗಳಿಗೆ ಸೀಳುತ್ತವೆ, ಕೆಲವು ಐದು ವರ್ಷಕ್ಕೆ.

“ನಿಂಗಿದು ಯಾವಾಗ ಗೊತ್ತಾಯ್ತೋ?” ಮೇಷ್ಟ್ರು ಕೇಳಿದರು.

ಆತ ಸುಳ್ಳು ಹೇಳಲಿಲ್ಲ. “ಪಂಪ್‌ಹೌಸಿಗೆ ಸೇರಿದ ಮೊದಲನೇ ತಿಂಗಳೇ. ಅಲ್ಲಿ ನಾನು ಅರ್ಧ ಸುತ್ತು ಹೆಚ್ಚು ತಿರುಗಿಸಿದ್ದು ನೋಡಿ ಇಂಜಿನಿಯರ್ ಕೈ ಹಿಡ್ಕೊಂಡ್ರು.”

“ಮತ್ತೆ ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೋ!”

“ಅಕ್ಕನ ಹತ್ರ ಹೇಳಿ ಕಳಿಸೋಣ ಅಂತ ಎರಡು ಸಲ ಬಾಯಿ ತೆಗೆದಿದ್ದೆ ಭಾವ. ನೀವು ಕೇಳಿಸ್ಕೊಳ್ತಿದ್ರಾ?”

ಮೇಷ್ಟ್ರು ಲೋಟ ಕೆಳಗಿಟ್ಟರು. “ಇಲ್ಲ. ಕೇಳಿಸ್ಕೊಳ್ತಿರಲಿಲ್ಲ. ತಪ್ಪು ನಂದು ಕಣೋ.”

ತಪ್ಪು, ನಂದು ಎಂಬ ಎರಡು ಮಾತು ಗಂಡನ ಬಾಯಿಂದ ಒಟ್ಟಿಗೆ ಬಂದದ್ದನ್ನು ಮೂವತ್ತೊಂದು ವರ್ಷದಲ್ಲಿ ಅವತ್ತೇ ಮೊದಲು ಕೇಳಿದ್ದು ಎಂದು ಅಕ್ಕ ನನಗೆ ಹೇಳಿದರು. ಒಲೆಯ ಮುಂದೆ ನಿಂತಿದ್ದ ಅವರು, ತಿರುಗಿ ನೋಡಿದರೆ ಮಾತು ಎಲ್ಲಿ ನಿಂತುಹೋಗುತ್ತದೋ ಎಂದು, ಉಕ್ಕುತ್ತಿದ್ದ ಹಾಲನ್ನೂ ಇಳಿಸದೆ ನಿಂತಿದ್ದರಂತೆ.

ಅದೇ ಮಧ್ಯಾಹ್ನ ಇಬ್ಬರೂ ನನ್ನ ಅಂಗಡಿಗೆ ಬಂದರು. ಒಟ್ಟಿಗೆ ಬಂದದ್ದು ಕಂಡು ನಾನು ಕೈಯಲ್ಲಿದ್ದ ಸಿರಪ್ಪಿನ ಬಾಟಲಿ ಪಕ್ಕಕ್ಕಿಟ್ಟು ಎದ್ದು ನಿಂತೆ.

“ಮೆಡಿಕಲ್‌ನವರೇ, ನಿಮ್ಮ ದಾಸ್ತಾನು ಕೋಣೆ ನಲ್ಲಿ ನೋಡ್ಬೇಕಿತ್ತು” ಎಂದರು ಮೇಷ್ಟ್ರು.

“ಅದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ.”

“ಆವತ್ತು ಒಡೆದ ಮೇಲೆ ಹೊಸದು ಹಾಕಿದ್ದು ನಾನೇ ಅಲ್ವಾ? ಅದಕ್ಕೇ ನೋಡ್ಬೇಕು.”

ಟಾರ್ಚ್ ಬಿಟ್ಟು ನೋಡಿದರೆ, ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಆಗಲೇ ಕಾಣಿಸಿಕೊಂಡಿತ್ತು. ಭಾವಮೈದುನ ಅದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡಿದರು. ಕೆಲಸ ಮುಗಿದ ಮೇಲೆ ನಾನು ಆತನ ಕೈ ಹಿಡಿದುಕೊಂಡೆ. ಅಂದು ಹಾಗೆ ಕೂಗಾಡಬಾರದಿತ್ತು ಎಂದು ಹೇಳಿದೆ. ಆತ ನಕ್ಕು, “ಬಿಡಿ ಸಾರ್, ಕೈಗೆ ಎಣ್ಣೆ ಆಗಿದೆ, ನಿಮ್ಮ ಕೈಗೂ ಆಗತ್ತೆ” ಎಂದ.

ಅಲ್ಲಿಂದ ಶುರುವಾಯಿತು ನೋಡಿ. ಪ್ಲಾಸ್ಟಿಕ್ ಬಂದ ಮೇಲೆ ತಾವು ಕೂರಿಸಿದ ಜಾಯಿಂಟುಗಳೆಲ್ಲ ಎಲ್ಲೆಲ್ಲಿವೆ ಎಂದು ಮೇಷ್ಟ್ರಿಗೆ ಬಾಯಿಪಾಠ. ಯಾವ ಮನೆ, ಯಾವ ಮಹಡಿ, ಬಚ್ಚಲೋ ಅಡುಗೆಮನೆಯೋ ಎಲ್ಲ ನೆನಪಿದ್ದವು. ದಿನವೂ ಮಧ್ಯಾಹ್ನ, ಭಾವಮೈದುನನ ಪಾಳಿ ಮುಗಿದ ಮೇಲೆ, ಇಬ್ಬರೂ ಚೀಲ ಹೊತ್ತು ಮನೆಮನೆಗೆ ಹೊರಟರು. ಬಾಗಿಲು ತಟ್ಟಿ, “ನಿಮ್ಮನೇಲಿ ನಾನೊಂದು ತಪ್ಪು ಮಾಡಿದೀನಿ, ಸರಿ ಮಾಡೋಕೆ ಬಂದಿದೀನಿ” ಎನ್ನುತ್ತಿದ್ದರು. ಮೊದಲನೇ ಮನೆಯಲ್ಲಿ ಅದನ್ನು ಹೇಳಲು ಮೇಷ್ಟ್ರಿಗೆ ಬೆವರು ಕಿತ್ತು ಬಂತಂತೆ. ಹತ್ತನೆಯ ಮನೆಯ ಹೊತ್ತಿಗೆ ಸರಾಗವಾಯಿತು. ಇಪ್ಪತ್ತನೆಯ ಮನೆಯಲ್ಲಿ ಅದನ್ನೇ ಪಾಠವಾಗಿ ಮಾಡಿ, ಏಕೆ ಸೀಳುತ್ತದೆ ಎಂದು ಬಿಡಿಸಿ ಹೇಳಿ, “ಅರ್ಥ ಆಯ್ತಾ?” ಎಂದೂ ಕೇಳಿದರಂತೆ.

ಇಬ್ಬರೋ ಮೂವರೋ ಸಿಡುಕಿದರು. ಒಬ್ಬರು ಬಾಗಿಲನ್ನೇ ಹಾಕಿಕೊಂಡರು, ಮಾರನೇ ದಿನ ತಾವೇ ಬಂದು ಕರೆದುಕೊಂಡು ಹೋದರು. ಒಟ್ಟು ಅರವತ್ತು ಚಿಲ್ಲರೆ ಮನೆಗಳಲ್ಲಿ ಹನ್ನೊಂದು ಕಡೆ ಸೀಳು ಸಿಕ್ಕಿತು. ಒಂದು ಮನೆಯಲ್ಲಂತೂ, ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಮಂಚದ ನೇರಕ್ಕೆ ಮೇಲೆ ಆ ಜಾಯಿಂಟು ಇತ್ತು. ಮೇಷ್ಟ್ರು ಅದನ್ನು ಬಿಚ್ಚುತ್ತಿದ್ದ ಹಾಗೇ ಎರಡು ಹೋಳಾಗಿ ಕೈಗೆ ಬಂತು. ಅವತ್ತು ಅವರು ಮನೆಗೆ ಬಂದು ಅಕ್ಕನ ಹತ್ತಿರ, “ನಮ್ಮನೆ ಮೊದಲು ಒಡೀತು, ಪುಣ್ಯ” ಎಂದರು. ಬಾಯುಪಚಾರಕ್ಕೆ ಹೇಳಿದ ಮಾತಾಗಿರಲಿಲ್ಲ ಅದು.

ಇತ್ತ ಅವರ ಸ್ವಂತ ಮನೆ ಒಣಗಬೇಕಿತ್ತು. ಜಾಯಿಂಟಿನ ವಿಷಯ ಬಾಯಿಂದ ಬಾಯಿಗೆ ಹರಡಿದ ಮೇಲೆ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಬಡಗಿಯೊಬ್ಬ ಬಾಗಿಲು ಬಿಚ್ಚಿ ಒಣಗಿಸಿ ಮತ್ತೆ ಕೂರಿಸಿದ. ಇಸ್ತ್ರಿಯವನು ಒದ್ದೆ ಬಟ್ಟೆಗಳನ್ನೆಲ್ಲ ಗಾಡಿಯ ಮೇಲೆ ಹೇರಿಕೊಂಡು ಹೋಗಿ, ಎರಡು ದಿನ ಬೇರೆಯವರ ಕೆಲಸ ಮುಟ್ಟದೆ ಇವರದನ್ನೇ ಒಣಗಿಸಿ ಮಡಚಿ ತಂದ. ಯಾವಾಗಲೂ ಬೇಡ ಎನ್ನುತ್ತಿದ್ದ ಮೇಷ್ಟ್ರಿಗೆ ಈ ಸಲ ಬೇಡ ಎನ್ನಲು ಪುರುಸೊತ್ತೇ ಇರಲಿಲ್ಲ. ಮಧ್ಯಾಹ್ನವೆಲ್ಲ ಇನ್ನೊಬ್ಬರ ಮನೆಯ ಅಟ್ಟದಲ್ಲಿ ಇರುತ್ತಿದ್ದರಲ್ಲ, ಬರುವಷ್ಟರಲ್ಲಿ ಯಾರೋ ಏನೋ ಮಾಡಿ ಮುಗಿಸಿರುತ್ತಿದ್ದರು.

ಗಾರೆ ಕೆಲಸದ ಮೇಸ್ತ್ರಿ ಬಂದು ಅಡುಗೆಮನೆ ಮತ್ತು ಉಗ್ರಾಣದ ನಡುವಿನ ಗೋಡೆಯನ್ನು ಬಡಿದು ನೋಡಿದ. “ಇದು ಪೂರ್ತಿ ಹೋಗಿದೆ. ಇದರ ಮೇಲೆ ಭಾರಾನೂ ಇಲ್ಲ. ಮತ್ತೆ ಕಟ್ಟೋದ್ಯಾಕೆ?” ಎಂದ. ಗೋಡೆ ತೆಗೆದರು. ಉಗ್ರಾಣದ ಹೊರಗೋಡೆಯೂ ಕೆಳಗೆ ಅರ್ಧ ಕರಗಿತ್ತು. ಅದನ್ನು ಒಡೆಯುವಾಗ ಒಂದು ಮಧ್ಯಾಹ್ನ ಬಿಸಿಲು ಒಳಗೆ ಬಂದು, ಎತ್ತರದ ಮೇಜಿನ ಮೇಲಿದ್ದುದರಿಂದ ಉಳಿದುಕೊಂಡಿದ್ದ ಹೊಲಿಗೆ ಯಂತ್ರದ ಮೇಲೆ ಬಿತ್ತು. ಅಕ್ಕ ನೋಡುತ್ತಾ ನಿಂತರು.

“ರೀ,” ಎಂದರು, “ಈ ತೂತನ್ನ ಮುಚ್ಚಬೇಡಿ.”

ಅಲ್ಲಿ ಒಂದು ದೊಡ್ಡ ಕಿಟಕಿ ಬಂತು. ರಸ್ತೆಯ ಕಡೆಗೇ ತೆರೆದುಕೊಳ್ಳುವ ಕಿಟಕಿ. ಈಗ ನಾನು ಸ್ಟೂಲಿನಲ್ಲಿ ಕುಳಿತರೆ ಅಕ್ಕ ಹೊಲಿಯುವುದು ಕಾಣುತ್ತದೆ. ದಾರಿಹೋಕರು ಕಿಟಕಿಯಲ್ಲೇ ಬಟ್ಟೆ ಕೊಟ್ಟು ಎರಡು ಮಾತಾಡಿ ಹೋಗುತ್ತಾರೆ. ಮೊದಲೆಲ್ಲ ಕಣ್ಣುರಿ ಎಂದು ತಿಂಗಳಿಗೆರಡು ಸಲ ಕಣ್ಣಿನ ಡ್ರಾಪ್ಸ್ ಒಯ್ಯುತ್ತಿದ್ದರು, ಈಗ ಆ ವ್ಯಾಪಾರ ನನಗೆ ತಪ್ಪಿಹೋಯಿತು.

ಮೂರು ತಿಂಗಳಿಗೆ ಮನೆ ಸಿದ್ಧವಾಯಿತು. ಎಲ್ಲ ನಲ್ಲಿಗಳೂ ಹೊಸವು, ಎಲ್ಲಕ್ಕೂ ಹಿಡಿ ಇದೆ. ಆದರೆ ವಾಪಸು ಬರುವ ದಿನ ಒಂದು ತೊಂದರೆ ಎದ್ದಿತು. ಮೂರು ತಿಂಗಳಲ್ಲಿ ಅಕ್ಕನಿಗೂ ಕಂಡಕ್ಟರಮ್ಮನಿಗೂ ಒಬ್ಬರ ಚಹಾ ಇನ್ನೊಬ್ಬರಿಲ್ಲದೆ ಇಳಿಯದ ಹಾಗಾಗಿತ್ತು. ಹುಡುಗಿಗೆ ಮಾವ ಸೈಕಲ್ ಕಲಿಸುತ್ತಿದ್ದರು, ಅದು ಅರ್ಧಕ್ಕೆ ನಿಂತಿತ್ತು. ಹೆಂಗಸರಿಬ್ಬರೂ ಗಂಡಸರನ್ನು ಕೇಳಲಿಲ್ಲ. ನನ್ನ ಅಂಗಡಿಯ ಮೇಲಿನ ಮನೆ ಖಾಲಿಯಿದೆ ಎಂದು ಅಕ್ಕನಿಗೆ ಗೊತ್ತಿತ್ತು. ಅದನ್ನು ತಮ್ಮನ ಸಂಸಾರಕ್ಕೆ ಬಾಡಿಗೆಗೆ ಕೊಡಿ ಎಂದು ನೇರವಾಗಿ ಬಂದು ನನ್ನನ್ನೇ ಕೇಳಿದರು. ನಾನು ಹೂಂ ಎನ್ನುವಷ್ಟರಲ್ಲಿ ಅಳತೆಯ ಟೇಪು ತೆಗೆದು ಕಿಟಕಿಯ ಪರದೆಗೆ ಅಳತೆ ಹಿಡಿಯುತ್ತಿದ್ದರು.

ಸಾಮಾನು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಕಂಡಕ್ಟರಮ್ಮ ಲಾರಿಯ ಹಿಂದೆ ನಿಂತು ಯಾವುದು ಮೊದಲು, ಯಾವುದು ಆಮೇಲೆ ಎಂದು ಅಪ್ಪಣೆ ಕೊಡುತ್ತಿದ್ದರು. ಮೇಷ್ಟ್ರು ಒಂದು ಆಳೆತ್ತರದ ಕನ್ನಡಿಯನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಕೆಳಗಿನ ತುದಿಯನ್ನು ಭಾವಮೈದುನ ಹಿಡಿದಿದ್ದ.

“ಎಡಕ್ಕೆ ಭಾವ, ಎಡಕ್ಕೆ! ಗೋಡೆಗೆ ತಾಗತ್ತೆ.”

“ಗೊತ್ತೋ, ನಂಗೂ ಕಣ್ಣಿದೆ.”

“ಕಣ್ಣಿಗೆ ಕನ್ನಡಿ ಅಡ್ಡ ಇದೆಯಲ್ಲ, ಅದಕ್ಕೆ ಹೇಳ್ದೆ.”

“ಸುಮ್ನೆ ಹತ್ತೋ” ಎಂದು ಮೇಷ್ಟ್ರು ಗದರಿದರು. ಮೇಲಿನ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಹುಡುಗಿ ಚಪ್ಪಾಳೆ ತಟ್ಟಿದಳು. “ಮಾವ ಬೈದ್ರು! ಅಮ್ಮಾ, ಮಾವ ಬೈದ್ರು!”

ಕನ್ನಡಿ ಹಿಡಿದುಕೊಂಡೇ ಇಬ್ಬರೂ ನಕ್ಕು ನಡು ಮೆಟ್ಟಿಲಲ್ಲಿ ನಿಂತುಬಿಟ್ಟರು. ಕೈ ಸಡಿಲವಾಗಿ ಎಲ್ಲಿ ಬೀಳಿಸುತ್ತಾರೋ ಎಂದು ನಾನು ಓಡಿಹೋಗಿ ನಡುವೆ ಹಿಡಿದುಕೊಂಡೆ. ಮೂವರೂ ಸೇರಿ ಅದನ್ನು ಮೇಲೆ ಹತ್ತಿಸಿದೆವು.